ಕಾಸೆಂತೀನೊ ಕಾಡಲ್ಲಿ ಒಬ್ಳೇ ಓಡಬಹುದಾ? ತೋಳದ್ದು ಆಮೇಲೆ, ಮೊದ್ಲು ಗಡಿಯಾರ ನೋಡಿ

ಪ್ರಶ್ನೆ: ನಮಸ್ತೆ ಸರ್. ನಾನು ತೀರ್ಥಹಳ್ಳಿ ಕಡೆಯವಳು, ಈಗ ಫ್ಲಾರೆನ್ಸ್‌ನಲ್ಲಿ ಕೆಲಸ. ಬೆಂಗಳೂರಲ್ಲಿದ್ದಾಗ ರೋಡ್ ರೇಸ್ ಓಡ್ತಿದ್ದೆ, ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷ. ಟ್ರೇಲ್ ಓಡಿದ್ದು ಕಮ್ಮಿ. ಕಾಸೆಂತೀನೊ ಕಣಿವೇಲಿ ಕಾಮಾಲ್ದೋಲಿ ಮಠದಿಂದ ಹೊರಟು, ಮೇಲಿನ ಎರೆಮೊ (ಸನ್ಯಾಸಿಗಳ ಏಕಾಂತ ಆಶ್ರಮ), ಅಲ್ಲಿಂದ ರಿಡ್ಜ್ (ಬೆಟ್ಟಸಾಲಿನ ನೆತ್ತಿ) ಹಿಡ್ಕೊಂಡು ಪೋಜ್ಜೊ ಸ್ಕಾಲಿ, ವಾಪಸ್ ಬಂದು ಬಾದಿಯಾ ಪ್ರತಾಲ್ಯ ಊರಿಗೆ ಇಳಿಯೋ ಪ್ಲಾನ್ ಇದೆ. ಆ್ಯಪ್ 22 ಕಿ.ಮೀ., 1,100 ಮೀಟರ್ ಏರು ಅಂತಿದೆ, ಮೂರು ಗಂಟೆ ಸಾಕು ಅನ್ಕೊಂಡಿದೀನಿ. ಅಕ್ಟೋಬರ್ ಕೊನೇ ಶನಿವಾರ ಇಲ್ಲಾಂದ್ರೆ ನವೆಂಬರ್ ಮೊದಲನೇ ಶನಿವಾರ, ಟ್ರೇನ್ ಹಿಡಿದು ಹೋಗಿ ಮಧ್ಯಾಹ್ನ ಒಂದಕ್ಕೆ ಶುರು ಮಾಡ್ತೀನಿ. ಒಬ್ಳೇ. ಊರಲ್ಲಿ ಅಮ್ಮ ತೋಳ, ಕರಡಿ ಅಂತ ಹೆದರ್ತಾರೆ, ಇಲ್ಲಿ ಆಫೀಸಲ್ಲಿ ಬೇಟೆಗಾರರ ಗುಂಡು ಅಂತಾರೆ. ಇಳಿಯುವಾಗ ಬಲಗಾಲಿನ ಮಂಡಿ ನೋಯುತ್ತೆ, ಟ್ರೇಲ್ ಓಡಿದ್ರೆ ಮಂಡಿ ಸವೆದು ಹೋಗುತ್ತಾ? ಪರ್ಮಿಷನ್ ಬೇಕಾ? ಆ್ಯಪ್‌ನಲ್ಲಿ ಸಾಸ್ಸೊ ಫ್ರಾತಿನೊ ಕಾಡೊಳಗೂ ಒಂದು ಗೆರೆ ಕಾಣುತ್ತೆ, ಅಲ್ಲಿಗೆ ಹೋಗಬಹುದಾ? ಮುಂದಿನ ವರ್ಷ ಒಂದು ಟ್ರೇಲ್ ರೇಸ್ ಓಡೋ ಆಸೆನೂ ಇದೆ.

ಉತ್ತರ:

ನಿಮ್ಮ ಪತ್ರದಲ್ಲಿ ಹೆದರಿಕೆಗಳು ಸುಮಾರಿವೆ: ತೋಳ, ಕರಡಿ, ಗುಂಡು, ಮಂಡಿ. ಆದ್ರೆ ನನಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ನೀವು ಹೆದರದೇ ಬರೆದಿರೋ ಎರಡು ಮಾತು ಓದಿ. ಒಂದು "ಮೂರು ಗಂಟೆ ಸಾಕು", ಇನ್ನೊಂದು "ಮಧ್ಯಾಹ್ನ ಒಂದಕ್ಕೆ ಶುರು". ನಾನು ಈ ಕಡೆ ಬೆಟ್ಟದಲ್ಲಿ ಜನರನ್ನ ಓಡಿಸೋದು, ನಡೆಸೋದನ್ನೇ ಕೆಲಸ ಮಾಡ್ಕೊಂಡಿರೋನು, ಇಲ್ಲಿ ತೊಂದರೆಗೆ ಸಿಕ್ಕಿಹಾಕ್ಕೊಳ್ಳೋರಲ್ಲಿ ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಇದೇ ಎರಡರಿಂದ. ಅದಕ್ಕೇ ಬರೋಣ, ಆದ್ರೆ ಮೊದ್ಲು ಪ್ರಾಣಿಗಳದ್ದು ಮುಗಿಸಿಬಿಡ್ತೀನಿ, ಅಮ್ಮನಿಗೆ ಫೋನ್ ಮಾಡಿ ಹೇಳೋಕಾಗುತ್ತೆ.

ಕರಡಿ ಇಲ್ಲಿಲ್ಲ. 2023ರ ಏಪ್ರಿಲ್‌ನಲ್ಲಿ ಟ್ರೆಂತೀನೊ ಪ್ರಾಂತ್ಯದ ವಾಲ್ ದಿ ಸೋಲೆ ಕಣಿವೇಲಿ ಓಡ್ತಿದ್ದ ಯುವಕನೊಬ್ಬ ಕರಡಿ ದಾಳಿಗೆ ಸತ್ತ, ಆ ಸುದ್ದಿ ಎಲ್ಲ ಕಡೆ ಬಂತು, ಅಮ್ಮನ ಕಿವಿಗೂ ಬಿದ್ದಿರಬೇಕು. ಅದು ಆಲ್ಪ್ಸ್, ಅಲ್ಲಿ ಕರಡಿಗಳನ್ನ ಸ್ಲೊವೇನಿಯಾದಿಂದ ತಂದು ಬಿಟ್ಟು ಬೆಳೆಸಿದ್ದು. ಇಟಲಿಯ ಇನ್ನೊಂದು ಕರಡಿ ಜಾತಿ ಇರೋದು ಕೆಳಗೆ ಅಬ್ರುಜ್ಜೊ ಕಡೆ. ಟಸ್ಕನಿಯ ಕಾಸೆಂತೀನೊದಲ್ಲಿ ಎರಡೂ ಇಲ್ಲ.

ತೋಳ ಮಾತ್ರ ಇದೆ, ಚೆನ್ನಾಗೇ ಇದೆ. 1970ರ ದಶಕದಿಂದ ಇಟಲಿಯಲ್ಲಿ ತೋಳಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ ಮೇಲೆ ಅಪೆನ್ನೈನ್ ಬೆಟ್ಟಸಾಲಿನುದ್ದಕ್ಕೂ ವಾಪಸ್ ಹಬ್ಬಿದೆ, ಕಾಸೆಂತೀನೊದ ಈ ನ್ಯಾಷನಲ್ ಪಾರ್ಕಲ್ಲಿ ಜಿಂಕೆ, ಕಾಡುಹಂದಿ ಧಂಡಿಯಾಗಿರೋದ್ರಿಂದ ತೋಳಕ್ಕೆ ಊಟಕ್ಕೆ ಕೊರತೆ ಇಲ್ಲ. ಓಡೋರನ್ನ ಕಂಡ್ರೆ ಅದು ಮೊದ್ಲೇ ಜಾಗ ಖಾಲಿ ಮಾಡುತ್ತೆ, ನೀವು ನೋಡೋದು ಹೆಚ್ಚಂದ್ರೆ ದಾರಿ ಮಧ್ಯ ಕೂದಲು ತುಂಬಿದ ಹಿಕ್ಕೆ. ಅದಕ್ಕಿಂತ ಹುಷಾರಾಗಿರಬೇಕಾದ್ದು ತೋಳದಿಂದ ಕುರಿ ಕಾಯೋ ಬಿಳಿ ನಾಯಿ, ಮಾರೆಮ್ಮಾನೊ ಅಂತಾರೆ. ದೊಡ್ಡ ದೇಹ, ಕೆಲಸ ನಿಯತ್ತಿನಿಂದ ಮಾಡುತ್ತೆ, ಓಡಿ ಬರೋ ನೀವು ಅದರ ಕಣ್ಣಿಗೆ ಕುರಿ ಹಿಂಡಿಗೆ ನುಗ್ಗೋ ಕಳ್ಳಿ. ಹುಲ್ಲುಗಾವಲಲ್ಲಿ ಕುರಿ ಕಂಡ ತಕ್ಷಣ ಓಟ ನಿಲ್ಲಿಸಿ, ನಡೀರಿ, ದೂರದಿಂದ ಸುತ್ತು ಹಾಕ್ಕೊಂಡು ಹೋಗಿ, ನಾಯಿಗೂ ಹಿಂಡಿಗೂ ಮಧ್ಯ ಬರಬೇಡಿ, ಕೋಲು ಎತ್ತಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬೊಗಳುತ್ತೆ, ಬೊಗಳಲಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಗಂಡು ಕೆಂಪು ಜಿಂಕೆಗಳು ಬೆದೆಗೆ ಬಂದು ಕೂಗೋದನ್ನ ಕೇಳಿದ್ರೆ ಅಮ್ಮ ಅಲ್ಲ, ನಾವೇ ಊರಿಗೆ ಓಡಬೇಕು ಅನಿಸುತ್ತೆ, ಆದ್ರೆ ನೀವು ಹೋಗೋ ಹೊತ್ತಿಗೆ ಅದೆಲ್ಲ ತಣ್ಣಗಾಗಿರುತ್ತೆ.

ಹಾವು, ಅದೂ ವೈಪರ್ ಇದೆ. ಚಳಿಗೆ ಅಷ್ಟು ಹೊತ್ತಿಗೆ ಹೊರಗೆ ಬರೋದು ಕಮ್ಮಿ. ಉಣುಗಿನ ಬಗ್ಗೆ ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ, ಮಂಗನ ಕಾಯಿಲೆ ನೋಡಿ ಬೆಳೆದೋರು ನೀವು. ಇಲ್ಲಿಯ ಉಣುಗು ಹರಡೋದು ಮುಖ್ಯವಾಗಿ ಲೈಮ್ ಕಾಯಿಲೆ. ಮಂಗನ ಕಾಯಿಲೆ ವೈರಸ್ಸಿನ ಗುಂಪಿಗೇ ಸೇರಿದ ಟಿಬಿಇ ಅನ್ನೋ, ಉಣುಗಿನಿಂದ ಬರೋ ಮೆದುಳಿನ ಕಾಯಿಲೆ ಇಟಲಿಯಲ್ಲಿ ಹೆಚ್ಚು ಕಾಣೋದು ಈಶಾನ್ಯದಲ್ಲಿ, ವೆನೆತೊ, ಫ್ರಿಯುಲಿ, ಟ್ರೆಂತೀನೊ ಕಡೆ, ಆ ಕಡೆ ಓಡೋಕೆ ಹೋಗೋದಾದ್ರೆ ಲಸಿಕೆ ಬಗ್ಗೆ ಡಾಕ್ಟರ್ ಹತ್ರ ಕೇಳಿ. ಇಲ್ಲಿ ಉದ್ದ ಸಾಕ್ಸ್, ಮನೆಗೆ ಬಂದು ಸ್ನಾನ, ಮಂಡಿ ಹಿಂದೆ, ತೊಡೆ ಸಂದಿ, ಕಂಕುಳು ಚೆಕ್ ಮಾಡೋದು, ಕಚ್ಚಿದ್ರೆ ಚಿಮ್ಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯೋದು. ಎಣ್ಣೆ ಹಚ್ಚೋದು, ಬೆಂಕಿ ತಾಗಿಸೋದು ಬೇಡ. ಆಮೇಲೆ ಒಂದು ತಿಂಗಳು ಕಚ್ಚಿದ ಜಾಗದಲ್ಲಿ ಕೆಂಪು ಉಂಗುರ ಹರಡುತ್ತಾ ನೋಡ್ತಿರಿ, ಬಂದ್ರೆ ಡಾಕ್ಟರ್ ಹತ್ರ ಹೋಗಿ.

ಬೇಟೆ ವಿಷಯದಲ್ಲಿ ನಿಮ್ಮ ಆಫೀಸಿನವರು ಹೇಳಿದ್ದು ಅರ್ಧ ಸರಿ. ಇಟಲಿಯಲ್ಲಿ ಬೇಟೆ ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರ್ ಮೂರನೇ ಭಾನುವಾರದಿಂದ ಜನವರಿ ಕೊನೇವರೆಗೆ, ಟಸ್ಕನಿಯಲ್ಲಿ ನಾಯಿಗಳನ್ನ ಬಿಟ್ಟು ಗುಂಪಾಗಿ ಕಾಡುಹಂದಿ ಓಡಿಸೋದು ಶರತ್ಕಾಲದ ದೊಡ್ಡ ಸಂಭ್ರಮ, ಅದು ವೀಕೆಂಡಲ್ಲೇ ಜಾಸ್ತಿ. ಆದ್ರೆ ನ್ಯಾಷನಲ್ ಪಾರ್ಕ್ ಒಳಗೆ ಬೇಟೆ ನಿಷೇಧ, ನಿಮ್ಮ ರೂಟ್ ಪಾರ್ಕ್ ಒಳಗೇ ಇದೆ. ಅಪಾಯ ಇರೋದು ಪಾರ್ಕಿನ ಗಡಿ ದಾಟಿ ಕೆಳಗೆ ಪೊಪ್ಪಿ, ಬಿಬ್ಬಿಯೇನಾ ಕಡೆ ತೋಟ, ಚೆಸ್ಟ್‌ನಟ್ ತೋಪುಗಳಲ್ಲಿ ಓಡಿದ್ರೆ. ಅಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಳ್ಳಿ, ಸಾಧ್ಯವಾದ್ರೆ ಮಂಗಳವಾರ ಇಲ್ಲಾ ಶುಕ್ರವಾರ ಓಡಿ, ಆ ಎರಡು ದಿನ ದೇಶದಲ್ಲೆಲ್ಲ ಬೇಟೆ ಬಂದ್. ಚೆಸ್ಟ್‌ನಟ್ ಬಿದ್ದಿರುತ್ತೆ ಅಂತ ಆರಿಸಿಕೊಳ್ಳಬೇಡಿ, ಆ ತೋಪುಗಳಿಗೆ ಮಾಲೀಕರು ಇರ್ತಾರೆ, ನಮ್ಮ ಕಡೆ ಅಡಿಕೆ ತೋಟಕ್ಕೆ ಯಾರೋ ಬಂದು ಅಡಿಕೆ ಹೆಕ್ಕಿದ್ರೆ ಹೇಗನ್ಸುತ್ತೋ ಹಾಗೇ.

ಪರ್ಮಿಷನ್. ಕುಮಾರಪರ್ವತಕ್ಕೆ ಅರಣ್ಯ ಇಲಾಖೆ ಬುಕಿಂಗ್ ಮಾಡಿ ಅಭ್ಯಾಸ ಇರೋದ್ರಿಂದ ಈ ಪ್ರಶ್ನೆ ಸಹಜ. ಇಲ್ಲಿ ಗುರುತು ಹಾಕಿದ ದಾರಿಗಳಲ್ಲಿ ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ, ಮರದ ಮೇಲೆ, ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟೆ ಇರುತ್ತೆ, ಇಟಲಿಯ ಆಲ್ಪೈನ್ ಕ್ಲಬ್‌ನವರು ನೋಡಿಕೊಳ್ಳೋದು. ಆದ್ರೆ ಸಾಸ್ಸೊ ಫ್ರಾತಿನೊ ಬೇರೇನೇ ಲೆಕ್ಕ. ಅದು 1959ರಲ್ಲಿ ಘೋಷಣೆಯಾದ, ಇಟಲಿಯ ಮೊಟ್ಟಮೊದಲ ಸಂಪೂರ್ಣ ಸಂರಕ್ಷಿತ ಕಾಡು, 500 ವರ್ಷ ದಾಟಿದ ಬೀಚ್ ಮರಗಳಿವೆ, 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರ್ತು. ಒಳಗೆ ಯಾರೂ ಕಾಲಿಡೋ ಹಾಗಿಲ್ಲ. ಆ್ಯಪ್‌ನಲ್ಲಿ ಕಾಣೋ ಗೆರೆ ಅಂದ್ರೆ ಯಾರೋ ಒಬ್ರು ವಾಚ್ ಕಟ್ಕೊಂಡು ಅಲ್ಲಿ ಹೋಗಿದ್ರು ಅಂತ ಅಷ್ಟೇ, ಅದು ದಾರಿ ಅಂತ ಅಲ್ಲ, ಅವರು ಹೋಗಿದ್ದು ಸರಿ ಅಂತಾನೂ ಅಲ್ಲ. ಕಾನೂನು ಪಕ್ಕಕ್ಕಿಡಿ, ಆ ಜಾಗ ರಿಡ್ಜಿನ ಆಚೆ, ರೊಮಾನ್ಯ ಪ್ರದೇಶದ ಕಡೆಯ ಕಡಿದಾದ ಇಳಿಜಾರು, ಬಿದ್ದ ಮರ ಬಿದ್ದಲ್ಲೇ ಕೊಳೀತಿರುತ್ತೆ, ಕಾಲು ಉಳುಕಿದ್ರೆ ನಿಮ್ಮನ್ನ ಹುಡುಕೋದೇ ಕಷ್ಟ. ನೋಡೋ ಆಸೆ ಇದ್ರೆ ಪೋಜ್ಜೊ ಸ್ಕಾಲಿ ನೆತ್ತಿ ಮೇಲೆ ನಿಂತ್ಕೊಂಡು ಕೆಳಗೆ ನೋಡಿ, 1,520 ಮೀಟರ್, ಹುಲ್ಲುಬೋಳು, ಇಡೀ ಕಾಡು ಕಾಲ ಕೆಳಗೇ ಇರುತ್ತೆ.

ಈಗ ಗಡಿಯಾರಕ್ಕೆ ಬರೋಣ. ರೋಡಲ್ಲಿ ನಿಮ್ಮ ಸ್ಪೀಡು ಕಿ.ಮೀ.ಗೆ ಆರು ನಿಮಿಷ ಚಿಲ್ಲರೆ. ಬೆಟ್ಟದಲ್ಲಿ ನಾವು ಹಾಕೋ ಒರಟು ಲೆಕ್ಕ ಏನಂದ್ರೆ 100 ಮೀಟರ್ ಏರಿಗೆ ಒಂದು ಕಿ.ಮೀ. ಸೇರಿಸೋದು. 22ಕ್ಕೆ 11 ಸೇರಿದ್ರೆ 33. ರೋಡಿನ ಸ್ಪೀಡಲ್ಲೇ ಓಡಿದ್ರೂ 3 ಗಂಟೆ 20 ನಿಮಿಷ ಮೇಲಾಯ್ತು. ಆದ್ರೆ ಇದು ರೋಡಲ್ಲ, ಬೇರು, ಕಲ್ಲು, ಎಲೆ, ಅದಕ್ಕೆ ಕಾಲು ಭಾಗ ಸೇರಿಸಿ, ನಾಲ್ಕು ಗಂಟೆ ದಾಟ್ತು. ಜಾಕೆಟ್ ಹಾಕೋದು ಬಿಚ್ಚೋದು, ಮ್ಯಾಪ್ ನೋಡೋದು, ಫೋಟೊ, ಏನೋ ತಿನ್ನೋದು, ಮಂಡಿ ನೋವಿಗೆ ಇಳಿಜಾರಲ್ಲಿ ನಿಧಾನ ಆಗೋದು, ಎಲ್ಲ ಸೇರಿ ನಾಲ್ಕೂವರೆಯಿಂದ ಐದೂವರೆ ಗಂಟೆ ಅಂತ ಇಟ್ಕೊಳ್ಳಿ. ಮಧ್ಯಾಹ್ನ ಒಂದಕ್ಕೆ ಹೊರಟ್ರೆ ಊರು ಮುಟ್ಟೋದು ಐದೂವರೆಯಿಂದ ಆರೂವರೆ.

ನಮ್ಮೂರಲ್ಲಿ ಸೂರ್ಯ ವರ್ಷ ಪೂರ್ತಿ ಹೆಚ್ಚು ಕಮ್ಮಿ ಆರು, ಆರೂವರೆ, ಏಳರ ಆಸುಪಾಸಲ್ಲೇ ಮುಳುಗ್ತಾನೆ, ಅದು ನಮ್ಮ ಮೈಗೆ ಅಂಟಿಬಿಟ್ಟಿದೆ. ಇಲ್ಲಿ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಅದರ ಹಿಂದಿನ ದಿನ, ಶನಿವಾರ, ಸೂರ್ಯ ಮುಳುಗೋದು ಸುಮಾರು ಆರೂಕಾಲು. ಮುಂದಿನ ಶನಿವಾರ ಐದು ಗಂಟೆ ಸುಮಾರಿಗೆ! ನೀವು "ಇಲ್ಲಾ ಆ ಶನಿವಾರ, ಇಲ್ಲಾ ಈ ಶನಿವಾರ" ಅಂತ ಬರೆದಿರೋ ಎರಡರ ಮಧ್ಯ ಸಂಜೆ ಬೆಳಕು ಒಂದು ಗಂಟೆಗಿಂತ ಜಾಸ್ತಿ ಕಳೆದುಹೋಗುತ್ತೆ. ಅದೂ ಬಯಲಲ್ಲಿ. ಮರದ ಕೆಳಗೆ ಅದಕ್ಕಿಂತ ಅರ್ಧ ಗಂಟೆ ಮೊದ್ಲೇ ಕಲ್ಲು ಯಾವುದು ಬೇರು ಯಾವುದು ಕಾಣಲ್ಲ. ಎರಡರಲ್ಲಿ ನನ್ನ ಆಯ್ಕೆ ಅಕ್ಟೋಬರ್ ಶನಿವಾರ, ಎಲೆ ಬಣ್ಣ ಇನ್ನೂ ಒಂದಿಷ್ಟು ಉಳಿದಿರುತ್ತೆ. ಆದ್ರೆ ಯಾವ ಶನಿವಾರ ಆದ್ರೂ ಹಿಂದಿನ ರಾತ್ರೀನೇ ಬಂದು ಕಾಮಾಲ್ದೋಲಿಯಲ್ಲೋ ಬಾದಿಯಾದಲ್ಲೋ ಉಳ್ಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಡಿ. ಫ್ಲಾರೆನ್ಸ್‌ನಿಂದ ಅರೆಜ್ಜೊ, ಅಲ್ಲಿಂದ ಸ್ತಿಯಾ ಕಡೆ ಹೋಗೋ ಚಿಕ್ಕ ಟ್ರೇನಲ್ಲಿ ಬಿಬ್ಬಿಯೇನಾ, ಆಮೇಲೆ ಬಸ್. ಬಸ್ಸು ಕಮ್ಮಿ, ಭಾನುವಾರ ಅಂತೂ ನೆಚ್ಚಿಕೊಳ್ಳೋ ಹಾಗೇ ಇಲ್ಲ. ಒಂದೂರಲ್ಲಿ ಹೊರಟು ಇನ್ನೊಂದೂರಲ್ಲಿ ಮುಗಿಸೋ ನಿಮ್ಮ ಪ್ಲಾನಿನ ಇನ್ನೊಂದು ತೊಂದರೆ ಇದೇ, ಕೊನೇ ಬಸ್ ತಪ್ಪುತ್ತೆ ಅಂತ ಜನ ಇಳಿಜಾರಲ್ಲಿ ಆತುರ ಮಾಡ್ತಾರೆ, ಆತುರದಲ್ಲೇ ಬೀಳ್ತಾರೆ.

ಬೀಳೋದ್ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಈ ಕಾಡಿನ ಸ್ವಭಾವ ಗೊತ್ತಿದ್ರೆ ಅರ್ಧ ಕೆಲಸ ಆದ ಹಾಗೆ. ಎರೆಮೊ ಕಟ್ಟಿದ್ದು ಸಂತ ರೋಮುವಾಲ್ದೊ, ಹತ್ರಹತ್ರ 1012ರಲ್ಲಿ, ಅಲ್ಲಿಂದ ನೂರಾರು ವರ್ಷ ಇಲ್ಲಿಯ ಸನ್ಯಾಸಿಗಳು ಬಿಳಿ ಫರ್ ಮರ ನೆಟ್ಟು, ಕಾಪಾಡಿ, ಕಡಿದು ಮಾರಿ ಬದುಕಿದ್ರು. ಹಾಗಾಗಿ ಮಠದ ಸುತ್ತ ಕಂಬದ ಹಾಗೆ ನೆಟ್ಟಗಿರೋ ಫರ್ ಕಾಡು, ಕೆಳಗೆ ಸೂಜಿ ಎಲೆಯ ಮೆತ್ತನೆ ಹಾಸು, ಓಡೋಕೆ ಸ್ವರ್ಗ. ಮೇಲೆ ಹೋದಂಗೆ ಬೀಚ್ ಕಾಡು. ಬೀಚ್ ಅಕ್ಟೋಬರ್ ಕೊನೆಗೆ ಎಲೆ ಉದುರಿಸಿ ದಾರಿ ಮುಚ್ಚಿಬಿಡುತ್ತೆ, ಕೆಲವು ಕಡೆ ಪಾದ ಮುಳುಗೋಷ್ಟು, ಒಳಗೆ ಏನಿದೆ ಅಂತ ಇಟ್ಟ ಮೇಲೇ ಗೊತ್ತಾಗೋದು. ಒದ್ದೆ ಆದ್ರೆ ಜಾರುತ್ತೆ. ಅದರ ಕೆಳಗಿನ ಕಲ್ಲು ಮರಳುಗಲ್ಲು, ಮಧ್ಯಮಧ್ಯ ಜೇಡಿಯಂಥ ಮೆದು ಪದರ, ಮಳೆ ಬಂದ್ರೆ ಕಲ್ಲಿನ ಮೇಲೆ ಆ ಜೇಡಿ ಸವರಿದಂಗೆ ಇರುತ್ತೆ. ಶೂ ತಳದಲ್ಲಿ 4-5 ಮಿ.ಮೀ. ಹಲ್ಲಿರೋದು ತಗೊಳ್ಳಿ, ಮಣ್ಣಿಗೆ, ಎಲೆಗೆ ಅದು ಆಗುತ್ತೆ, ಒದ್ದೆ ಕಲ್ಲಿಗೆ ಯಾವ ಹಲ್ಲೂ ಆಗಲ್ಲ, ರಬ್ಬರ್ ಮೆದುವಾಗಿರಬೇಕು ಮತ್ತೆ ನೀವು ನಿಧಾನ ಆಗಬೇಕು.

ಮಂಡಿ ಸವೆಯುತ್ತೆ ಅನ್ನೋದು ತುಂಬಾ ಹಳೇ ನಂಬಿಕೆ. ಹವ್ಯಾಸಕ್ಕೆ ಓಡೋರಲ್ಲಿ ಓಡದೇ ಕೂತೋರಿಗಿಂತ ಮಂಡಿ ಸವೆತ ಜಾಸ್ತಿ ಅಂತ ಅಧ್ಯಯನಗಳು ತೋರಿಸಿಲ್ಲ. ಆದ್ರೆ ನಿಮ್ಮ ನೋವು ಸುಳ್ಳಲ್ಲ. ಇಳಿಯುವಾಗ ತೊಡೆ ಮುಂದಿನ ಸ್ನಾಯು ಬ್ರೇಕ್ ಥರ ಕೆಲಸ ಮಾಡುತ್ತೆ, ಉದ್ದ ಆಗ್ತಾ ಆಗ್ತಾನೇ ಭಾರ ಹಿಡೀಬೇಕು, ರೋಡಲ್ಲಿ ಓಡೋರಿಗೆ ಈ ಕೆಲಸ ಅಷ್ಟಾಗಿ ಅಭ್ಯಾಸ ಇರಲ್ಲ. ಅದು ಸುಸ್ತಾದಾಗ ಹೊಡೆತ ಮಂಡಿ ಚಿಪ್ಪಿನ ಮೇಲೆ. ಅದಕ್ಕೇ ನೋವು ಶುರುವಿನಲ್ಲಿ ಇರಲ್ಲ, ಕೊನೇ ಇಳಿಜಾರಲ್ಲಿ ಬರುತ್ತೆ. ನಿಮ್ಮ ರೂಟಲ್ಲಿ ದೊಡ್ಡ ಇಳಿಜಾರು, ರಿಡ್ಜಿಂದ ಬಾದಿಯಾಗೆ, ಸರಿಯಾಗಿ ಕೊನೇಲೇ ಇದೆ, ಕತ್ತಲಾಗೋ ಹೊತ್ತಿಗೆ.

ಒಳ್ಳೇ ಸುದ್ದಿ ಅಂದ್ರೆ ಈ ಸ್ನಾಯು ಬೇಗ ಕಲಿಯುತ್ತೆ. ಒಂದು ಸಲ ಇಳಿಜಾರು ಓಡಿ ಮೂರು ದಿನ ಮೆಟ್ಟಿಲು ಇಳಿಯೋಕಾಗದ ಹಾಗೆ ತೊಡೆ ಹಿಡ್ಕೊಂಡ್ರೆ, ಒಂದೆರಡು ವಾರ ಬಿಟ್ಟು ಅದೇ ಇಳಿಜಾರು ಓಡಿದಾಗ ಅರ್ಧ ನೋವೂ ಇರಲ್ಲ. ನಿಮ್ಮ ಮನೆ ಹತ್ರಾನೇ ಫಿಯೆಸೊಲೆ ಗುಡ್ಡ, ಪಕ್ಕದಲ್ಲಿ 414 ಮೀಟರಿನ ಮೊಂತೆ ಚೆಚೆರಿ ಇದೆ, ವಾರಕ್ಕೊಂದು ಸಲ ಬಸ್ಸಲ್ಲೋ ನಡ್ಕೊಂಡೋ ಹತ್ತಿ, ಓಡಿ ಇಳೀರಿ, ಆರೇಳು ವಾರ ಮಾಡಿ. ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಇಡೋ ಹೆಜ್ಜೆ ಶೇ. 5-10ರಷ್ಟು ಜಾಸ್ತಿ ಮಾಡಿದ್ರೇನೇ ಮಂಡಿ ಮೇಲಿನ ಭಾರ ಅಳೆಯೋವಷ್ಟು ಕಮ್ಮಿ ಆಗುತ್ತೆ. ಹಿಮ್ಮಡಿ ಮುಂದೆ ಚಾಚಿ ಹಿಂದಕ್ಕೆ ವಾಲಿಕೊಂಡು ಇಳಿಯೋದೇ ಎಲ್ಲರೂ ಹೆದರಿಕೆಗೆ ಮಾಡೋದು, ಅದರಿಂದ ಜಾರೋದೂ ಜಾಸ್ತಿ, ನೋವೂ ಜಾಸ್ತಿ. ಮಡಚೋ ಪೋಲ್ (ಊರಿಕೊಂಡು ಹೋಗೋ ಕೋಲು) ಒಂದು ಜೊತೆ ಇದ್ರೆ ನಿಮ್ಮಂಥ ಮಂಡಿಗೆ ಒಳ್ಳೇದು, ನಾಚಿಕೆ ಬೇಡ, ಇಲ್ಲಿ ಎಲ್ಲರೂ ಹಿಡೀತಾರೆ. ನೋವು ಹತ್ತಕ್ಕೆ ಮೂರರ ಒಳಗಿದ್ದು ಮರುದಿನ ಬೆಳಿಗ್ಗೆ ಇಲ್ಲ ಅಂದ್ರೆ ಮುಂದುವರಿಸಿ. ಮಂಡಿ ಊದಿಕೊಂಡ್ರೆ, ಲಾಕ್ ಆದ್ರೆ, ಕಾಲು ಕುಸಿದಂಗೆ ಆದ್ರೆ ಓಟ ನಿಲ್ಲಿಸಿ ಫಿಸಿಯೊ ಹತ್ರ ಹೋಗಿ, ಇಂಟರ್ನೆಟ್ಟಲ್ಲಿ ನನ್ನಂಥವರನ್ನ ಕೇಳಬೇಡಿ.

ಹಾಗಾದ್ರೆ ಎಲ್ಲಿ ಓಡೋದು. ನಾನಾಗಿದ್ರೆ ಮೊದಲ ಸಲಕ್ಕೆ ಮಠದಿಂದ ಎರೆಮೊವರೆಗೆ ತೊರೆ ಪಕ್ಕದ ದಾರೀಲಿ ಹತ್ತಿಸ್ತೀನಿ, 816 ಮೀಟರಿಂದ 1,100ರ ಆಸುಪಾಸಿಗೆ, ಮೂರು ಕಿ.ಮೀ., ಅಲ್ಲಿಂದ ಇನ್ನೊಂದಿಷ್ಟು ಹತ್ತಿ ಪ್ರಾತೊ ಅಲ್ ಸೋಲ್ಯೊ ಹತ್ರ ರಿಡ್ಜ್ ಮುಟ್ಟಿ ವಾಪಸ್. ಹತ್ತು ಕಿ.ಮೀ. ಸುಮಾರು. ಮಠಕ್ಕೂ ಎರೆಮೊಗೂ ಟಾರ್ ರೋಡ್ ಇರೋದ್ರಿಂದ ಏನೇ ಆದ್ರೂ ರೋಡಿಗೆ ಬಂದು ನಡ್ಕೊಂಡು ಇಳೀಬಹುದು, ಎರೆಮೊ ಹತ್ರ ಬಾರ್ ಇದೆ, ಬಿಸಿ ಕಾಫಿ ಸಿಗುತ್ತೆ. ಚೆನ್ನಾಗಿದೆ ಅನಿಸಿದ್ರೆ ರಿಡ್ಜ್ ಮೇಲೆ ಪೋಜ್ಜೊ ಸ್ಕಾಲಿವರೆಗೆ ಹೋಗಿ ಅದೇ ದಾರೀಲಿ ಮಠಕ್ಕೆ ಬನ್ನಿ, ಹತ್ರಹತ್ರ 20 ಕಿ.ಮೀ. ಬಂದ ದಾರೀನೇ ವಾಪಸ್ ಅಂದ್ರೆ ಬೋರು ಅಂತೀರಾ, ಆದ್ರೆ ಎಲ್ಲಿ ಜಾರುತ್ತೆ ಅಂತ ಗೊತ್ತಿರುತ್ತೆ, ಬೇಡ ಅನಿಸಿದ ಕಡೆ ತಿರುಗಬಹುದು. ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ, ಸ್ಕಾಲಿ ಕಣ್ಣಿಗೆ ಕಾಣ್ತಿದ್ರೂ ಸರಿ.

ರಿಡ್ಜ್ ದಾರಿಗೆ 00 ಅಂತ ನಂಬರ್. ಅದು ಟಸ್ಕನಿಗೂ ರೊಮಾನ್ಯಗೂ ಗಡಿ, ನೀರು ಒಂದು ಕಡೆ ಆರ್ನೊ ನದಿಗೆ, ಇನ್ನೊಂದು ಕಡೆ ಏಡ್ರಿಯಾಟಿಕ್ ಸಮುದ್ರಕ್ಕೆ. ಸ್ಕಾಲಿ ಕಡೆ ಹೋಗುವಾಗ ರೊಮಾನ್ಯ ನಿಮ್ಮ ಬಲಕ್ಕೆ. ಮಂಜು ಕವಿದಾಗ ದಾರಿ ತಪ್ಪಿ ಬಲಕ್ಕೆ ಇಳಿದ್ರೆ ಕಡಿದಾದ ಕಣಿವೆ, ರೋಡು ದೂರ, ಸಿಗ್ನಲ್ ಇಲ್ಲ. 2023ರ ಮೇ ಮಳೆಗೆ ಆ ಕಡೆ ಗುಡ್ಡಗಳು ಸಿಕ್ಕಾಪಟ್ಟೆ ಕುಸಿದವು, ಹಳೇ ಜಿಪಿಎಕ್ಸ್ ಫೈಲ್ (ಆ್ಯಪ್‌ಗೆ ಹಾಕೋ ದಾರಿಯ ಫೈಲ್) ನಂಬಿ ಹೋಗಬೇಡಿ, ಪಾರ್ಕಿನ ವೆಬ್‌ಸೈಟಲ್ಲಿ ಯಾವ ದಾರಿ ಮುಚ್ಚಿದೆ ಅಂತ ಹಿಂದಿನ ದಿನ ನೋಡ್ಕೊಳ್ಳಿ.

ಮಂಡಿ ಪರೀಕ್ಷೆ ಮಾತ್ರ ಮಾಡಬೇಕು ಅಂದ್ರೆ ಲಾ ವೆರ್ನಾ ಸಾಕು. ಸಂತ ಫ್ರಾನ್ಸಿಸ್‌ಗೆ 1224ರಲ್ಲಿ ಕ್ರಿಸ್ತನ ಗಾಯದ ಗುರುತು ಮೂಡಿದ್ದು ಅಲ್ಲೇ ಅಂತ ನಂಬಿಕೆ, ಅಲ್ಲಿಂದ ಮೊಂತೆ ಪೆನ್ನಾ ತುದಿ 1,283 ಮೀಟರ್, ಚಿಕ್ಕ ಸುತ್ತು. ಯಾತ್ರಿಕರು ಇರ್ತಾರೆ, ಆಶ್ರಮದ ಹತ್ರ ನಡೀರಿ, ತುದೀಲಿ ಬಂಡೆ ಅಂಚು ನೇರ ಕೆಳಗೆ ಹೋಗುತ್ತೆ, ಹುಷಾರು. ಕಾರ್ ಇರೋ ಫ್ರೆಂಡ್ ಸಿಕ್ರೆ ಪಾಸ್ಸೊ ದೆಲ್ಲಾ ಕಾಲ್ಲಾಗೆ ಹೋಗಿ, 1,296 ಮೀಟರಿಂದಲೇ ಶುರು, ಬುರ್ರಾಯಾ ಹುಲ್ಲುಗಾವಲು ದಾಟಿ ಮೊಂತೆ ಫಾಲ್ಕೊ, 1,658 ಮೀಟರ್, ಪಕ್ಕದಲ್ಲೇ ಫಾಲ್ತೆರೋನಾ, ಆರ್ನೊ ಹುಟ್ಟೋ ಬೆಟ್ಟ. ಏರು ಕಮ್ಮಿ, ಗಾಳಿ ಮಾತ್ರ ಬೋಳು ಜಾಗದಲ್ಲಿ ಬಾರಿಸುತ್ತೆ.

ಒಬ್ಳೇ ಹೋಗೋದು ತಪ್ಪೇನಲ್ಲ. ಹೆಡ್‌ಲ್ಯಾಂಪ್ ಬೆಳಿಗ್ಗೆ ಹೊರಟ್ರೂ ಇರಲಿ, ಮಳೆ ಜಾಕೆಟ್, ಎಮರ್ಜೆನ್ಸಿ ಬ್ಲಾಂಕೆಟ್, ಸೀಟಿ, ಪವರ್ ಬ್ಯಾಂಕ್, ಆಫ್‌ಲೈನ್ ಮ್ಯಾಪ್. ಉಳ್ಕೊಂಡ ಜಾಗದಲ್ಲಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ, ಬರದಿದ್ರೆ ಯಾವಾಗ ಫೋನ್ ಮಾಡಬೇಕು ಅಂತಾನೂ ಹೇಳಿ. ಎಮರ್ಜೆನ್ಸಿ ನಂಬರ್ 112, ಬೆಟ್ಟದಲ್ಲಿ ಅಂತ ಹೇಳಿದ್ರೆ ಬೆಟ್ಟದ ರಕ್ಷಣಾ ತಂಡಕ್ಕೆ ಕೊಡ್ತಾರೆ. ಅವರದ್ದೇ ಜಿಯೊರೆಸ್ಕ್ಯೂ ಆ್ಯಪ್ ಹಾಕ್ಕೊಳ್ಳಿ. ಸಿಗ್ನಲ್ ಇಲ್ಲದಿದ್ರೆ ಸೀಟಿ, ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕಾಲು ಮುರಿದವರಿಗಿಂತ ಬೆವರಿದ ಬಟ್ಟೇಲಿ ಕೂತು ಚಳಿ ಹಿಡಿಸಿಕೊಂಡವರ ಸ್ಥಿತಿ ಬೇಗ ಕೆಡುತ್ತೆ, ಒಂದು ಒಣ ಬನಿಯನ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಕೊಳ್ಳಿ.

ಊಟ ನೀವು ಕೇಳಿಲ್ಲ, ಸಸ್ಯಾಹಾರಿ ಆದ್ರೆ ಹೇಳ್ತೀನಿ: ಇಲ್ಲಿಯ ಸ್ಪೆಷಲ್ ಆಲೂಗಡ್ಡೆ ತುಂಬಿದ ತೊರ್ತೆಲ್ಲಿ, ಸಾಸ್ ಮಾಂಸದ್ದು ಬೇಡ, ಬೆಣ್ಣೆ ಮತ್ತೆ ಸೇಜ್ ಎಲೆದು ಕೊಡಿ ಅನ್ನಿ.

ಇನ್ನು ರೇಸ್. ನಮ್ಮಲ್ಲಿ ಆನ್‌ಲೈನ್ ದುಡ್ಡು ಕಟ್ಟಿ, ಫಿಟ್ ಇದೀನಿ ಅಂತ ಒಂದು ಟಿಕ್ ಹಾಕಿದ್ರೆ ಬಿಬ್ (ಎದೆಗೆ ಅಂಟಿಸೋ ನಂಬರ್) ಬರುತ್ತೆ. ಇಟಲಿಯಲ್ಲಿ ಸ್ಪರ್ಧೆ ಅಂತ ಓಡೋಕೆ ಸ್ಪೋರ್ಟ್ಸ್ ಡಾಕ್ಟರ್ ಕೊಡೋ ಮೆಡಿಕಲ್ ಸರ್ಟಿಫಿಕೇಟ್ ಬೇಕೇ ಬೇಕು, ಅದರ ನಿಯಮ 1982ರಿಂದ ಇದೆ. ಮಲಗಿಸಿ ಇಸಿಜಿ, ಶ್ರಮ ಮಾಡಿಸಿ ಇಸಿಜಿ, ಉಸಿರಿನ ಟೆಸ್ಟ್, ಮೂತ್ರ ಪರೀಕ್ಷೆ, ಒಂದು ವರ್ಷ ನಡೆಯುತ್ತೆ. ಫ್ಯಾಮಿಲಿ ಡಾಕ್ಟರ್ ಬರೆದುಕೊಡೋ ಸಾದಾ ಚೀಟಿ ಒಪ್ಪಲ್ಲ. ಸ್ಪೋರ್ಟ್ಸ್ ಮೆಡಿಸಿನ್ ಕ್ಲಿನಿಕ್‌ಗಳಲ್ಲಿ ವಸಂತಕಾಲಕ್ಕೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ರೇಸ್ ಯಾವುದು ಅಂತ ತೀರ್ಮಾನ ಆಗೋ ಮೊದ್ಲೇ, ಜನವರಿಯಲ್ಲೇ ಬುಕ್ ಮಾಡಿಬಿಡಿ, ಹೋಗುವಾಗ ಡಾಕ್ಟರ್‌ಗೆ ಬಲಗಾಲಿನ ಮಂಡಿ ವಿಷಯಾನೂ ಹೇಳಿ.